ಮಂಡಕ್ಕಿ ತಟ್ಟೆಯಲ್ಲಿ ಅಮೆರಿಕ ಎಷ್ಟಿದೆ?

ಹೋದ ಗುರುವಾರ ರಾತ್ರಿ ನಾನು ಕೇಳಿದ ಒಂದು ಪ್ರಶ್ನೆಗೆ ಏಳು ತಂಡಗಳಲ್ಲಿ ಒಂದೂ ಪೂರ್ತಿ ಸರಿ ಉತ್ತರ ಬರೆಯಲಿಲ್ಲ. ಉತ್ತರ ಎಲ್ಲರ ಮುಂದೆ ತಟ್ಟೆಯಲ್ಲೇ ಇತ್ತು, ಅದನ್ನು ತಿನ್ನುತ್ತಲೇ ತಲೆ ಕೆರೆದುಕೊಂಡರು.

ಮೊದಲು ಇದು ಎಲ್ಲಿಯ ಕಥೆ ಅಂತ ಹೇಳಿಬಿಡುತ್ತೇನೆ. ದಾವಣಗೆರೆಯಲ್ಲಿ ನಾವೊಂದಿಷ್ಟು ಜನ ಪ್ರತಿ ಗುರುವಾರ ರಾತ್ರಿ ಎಂಟಕ್ಕೆ ಸೇರಿ ಕ್ವಿಜ್ ಆಡುತ್ತೇವೆ. ಹೆಸರು ಪಬ್ ಕ್ವಿಜ್, ಪಬ್ ಮಾತ್ರ ಇಲ್ಲ. ಗೆಳೆಯನ ಬಟ್ಟೆ ಅಂಗಡಿಯ ಮೇಲಿನ ಮಹಡಿ, ತಗಡಿನ ಶೀಟು, ಎರಡು ಫ್ಯಾನು. ಕೆಳಗಿನ ಅಂಗಡಿಯಿಂದ ಖಾರ ಮಂಡಕ್ಕಿ, ಮಿರ್ಚಿ, ಟೀ ಮೇಲೆ ಬರುತ್ತವೆ. ಇಂಗ್ಲೆಂಡಿನಲ್ಲಿ 1970ರ ದಶಕದಲ್ಲಿ ಈ ಆಟ ಜೋರಾಗಿ ಹರಡಿತು, ವಾರದ ಮಧ್ಯೆ ಖಾಲಿ ಹೊಡೆಯುವ ಪಬ್‌ಗಳಿಗೆ ಜನ ಬರಲಿ ಅಂತ. ನಮ್ಮ ಮಂಡಕ್ಕಿ ಅಂಗಡಿಯವರಿಗೆ ಆ ಸಮಸ್ಯೆ ಯಾವತ್ತೂ ಇರಲಿಲ್ಲ, ಆದರೂ ನಮ್ಮನ್ನು ಸಹಿಸಿಕೊಂಡಿದ್ದಾರೆ. ಗೆದ್ದ ತಂಡಕ್ಕೆ ಮರುದಿನ ಬೆಳಿಗ್ಗೆ ಬೆಣ್ಣೆ ದೋಸೆ, ಸೋತವರ ಖರ್ಚಿನಲ್ಲಿ.

ಪ್ರಶ್ನೆ ತಯಾರು ಮಾಡುವವನು ನಾನು. ಹಗಲೆಲ್ಲ ಹಾರ್ಡ್‌ವೇರ್ ಅಂಗಡಿಯಲ್ಲಿ ನಟ್ಟು ಬೋಲ್ಟು ಮಾರುತ್ತೇನೆ. ಗಿರಾಕಿ ಇಲ್ಲದಾಗ ಬಿಲ್ ಪುಸ್ತಕದ ಹಿಂದೆ ಪ್ರಶ್ನೆ ಬರೆಯುತ್ತೇನೆ. ಚಂದನ ವಾಹಿನಿಯಲ್ಲಿ 2002ರಲ್ಲಿ ಶುರುವಾದ 'ಥಟ್ ಅಂತ ಹೇಳಿ' ನೋಡಿಕೊಂಡೇ ಬೆಳೆದವನು, ಹಾಗಾಗಿ ಪ್ರಶ್ನೆ ಕೇಳುವುದು ಸುಲಭದ ಕೆಲಸ ಅಂದುಕೊಂಡಿದ್ದೆ. ಮೊದಲ ಎರಡು ತಿಂಗಳು ನಾನು ಮಾಡಿದ್ದು ಬರೀ ಅಧ್ವಾನ.

ಕಷ್ಟದ ಪ್ರಶ್ನೆ ಅಂದರೆ ಯಾರಿಗೂ ಗೊತ್ತಿಲ್ಲದ್ದು ಅಂತ ನನ್ನ ಲೆಕ್ಕ. ಬುರ್ಕಿನಾ ಫಾಸೊ ರಾಜಧಾನಿ ಯಾವುದು? (ಊಗಾಡೂಗು.) ಯಾವ ದೇಶದಲ್ಲಿ ಅತಿ ಹೆಚ್ಚು ಸಮಯ ವಲಯಗಳಿವೆ? ರಷ್ಯಾ ಅಂತ ಬರೆದವರಿಗೆ ಸೊನ್ನೆ. ಅಲ್ಲಿ ಹನ್ನೊಂದು, ಸಮುದ್ರದಾಚೆಯ ತುಂಡು ನೆಲಗಳನ್ನೆಲ್ಲ ಸೇರಿಸಿದರೆ ಫ್ರಾನ್ಸಿಗೆ ಹನ್ನೆರಡು. ಹೀಗೆ. ಕೆಎಎಸ್ ಪರೀಕ್ಷೆಗೆ ಓದುತ್ತಿದ್ದ ಒಬ್ಬ ಹುಡುಗ ಎಲ್ಲ ಬರೆದುಬಿಡುತ್ತಿದ್ದ, ಉಳಿದ ಆರು ಟೇಬಲ್‌ನವರು ಮಿರ್ಚಿ ತಿನ್ನುತ್ತ ಫ್ಯಾನ್ ನೋಡುತ್ತಿದ್ದರು. ಒಂದು ರಾತ್ರಿ ನಮ್ಮ ಜೊತೆ ಆಡುವ ನಿವೃತ್ತ ಮೇಷ್ಟ್ರು ಕರೆದು ಹೇಳಿದರು, "ಅಲ್ಲಪ್ಪಾ, ಗೊತ್ತಿದ್ರೆ ಗೊತ್ತು, ಇಲ್ಲ ಅಂದ್ರೆ ಇಲ್ಲ. ಇದರಲ್ಲಿ ನಾವು ನಾಲ್ಕು ಜನ ಕೂತು ಮಾತಾಡೋದು ಏನಿದೆ?"

ಆ ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ವಾರ ಅವರ ಮೇಲಿನ ಸಿಟ್ಟಿಗೇ ಜೇಬಿನ ಪ್ರಶ್ನೆ ಮಾಡಿದೆ.

"ಯಾರೂ ಜೇಬಿಗೆ ಕೈ ಹಾಕಬಾರದು. ನಮ್ಮ ಕರ್ನಾಟಕದ ಒಂದು ಜಾಗದ ಚಿತ್ರ ಯಾವ ನೋಟಿನ ಹಿಂದೆ ಇದೆ? ನೋಟಿನ ಮೇಲೆ ಒಟ್ಟು ಎಷ್ಟು ಭಾಷೆ ಇವೆ? ಹಿಂದೆ ಇರುವ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಮೇಲಿನಿಂದ ಎಷ್ಟನೆಯದು?" ಮಹಡಿ ಒಂದೇ ಸಲ ಗದ್ದಲ. ದಿನಾ ನೂರು ನೋಟು ಎಣಿಸುವ ಬಟ್ಟೆ ಅಂಗಡಿಯವನೇ ಹತ್ತರ ನೋಟು ಅಂದ. ಹತ್ತರದ್ದು ಕೋನಾರ್ಕ. ಹಂಪಿಯ ಕಲ್ಲಿನ ರಥ ಇರುವುದು ಐವತ್ತರ ನೀಲಿ ನೋಟಿನಲ್ಲಿ. ಭಾಷೆ ಒಟ್ಟು 17. ಪಟ್ಟಿಯಲ್ಲಿ ಹದಿನೈದು, ಬೇರೆ ಕಡೆ ಹಿಂದಿ ಮತ್ತು ಇಂಗ್ಲಿಷ್. ಕನ್ನಡ ಎಷ್ಟನೆಯದು ಅನ್ನುವುದಕ್ಕೆ ನೆನಪು ಬೇಕಾಗಿಲ್ಲ, ಸ್ವಲ್ಪ ತಲೆ ಓಡಿಸಿದರೆ ಸಾಕು. ಭಾಷೆಗಳ ಹೆಸರನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿದ್ದಾರೆ. ಅಸ್ಸಾಮಿ, ಬಂಗಾಳಿ, ಗುಜರಾತಿ, ಆಮೇಲೆ ನಾವು, ನಾಲ್ಕನೆಯದು. ಮೇಷ್ಟ್ರ ತಂಡ ಇದನ್ನು ಹಾಗೇ ಲೆಕ್ಕ ಹಾಕಿ ಬರೆದಿತ್ತು. ಅವತ್ತು ಅವರ ಮುಖ ನೋಡಬೇಕಿತ್ತು!

ಅಲ್ಲಿಂದ ನನಗೆ ಒಂದು ಜಾಡು ಸಿಕ್ಕಿತು. ಎಲ್ಲರೂ ನೋಡಿರಬೇಕು, ಯಾರೂ ಗಮನಿಸಿರಬಾರದು. ಅಥವಾ ಎಲ್ಲರಿಗೂ ಪಕ್ಕಾ ಗೊತ್ತು ಅನ್ನಿಸಬೇಕು, ಅದು ತಪ್ಪಾಗಿರಬೇಕು. ಈ ಎರಡನೇ ಜಾತಿಯದು ಸ್ವಲ್ಪ ಅಪಾಯ, ಜಗಳಕ್ಕೇ ನಿಲ್ಲುತ್ತದೆ. ಭಾರತದ ರಾಷ್ಟ್ರೀಯ ಕ್ರೀಡೆ ಯಾವುದು ಅಂದರೆ ಹಾಕಿ ಅಂತ ಕೂಗುತ್ತಾರೆ. ಅಂಥದ್ದೊಂದನ್ನು ಸರ್ಕಾರ ಘೋಷಿಸಿಯೇ ಇಲ್ಲ. 2012ರಲ್ಲಿ ಲಖನೌದ ಒಬ್ಬ ಶಾಲಾ ಹುಡುಗಿ ಮಾಹಿತಿ ಹಕ್ಕಿನಲ್ಲಿ ಕೇಳಿದಾಗ ಕ್ರೀಡಾ ಸಚಿವಾಲಯವೇ ಹಾಗಂತ ಉತ್ತರ ಕೊಟ್ಟಿತು. ಇದನ್ನು ಹೇಳಿದ ದಿನ ಒಬ್ಬರು ನಮ್ಮ ಶಾಲೆ ಪುಸ್ತಕದಲ್ಲಿತ್ತು ಕಣ್ರೀ ಅಂತ ಟೀ ಲೋಟ ಕುಕ್ಕಿ ಎದ್ದರು.

ಅದಕ್ಕಿಂತ ದೊಡ್ಡ ಗಲಾಟೆ ಆಗಿದ್ದು 'ಕರ್ನಾಟಕದ ಮೊದಲ ಮುಖ್ಯಮಂತ್ರಿ ಯಾರು' ಅಂತ ಕೇಳಿದಾಗ. ಇದು ಸುಲಭದ ಪ್ರಶ್ನೆ, ಹುಡುಗರಿಗೆ ಎರಡು ಅಂಕ ಸಿಗಲಿ ಅಂತ ಇಟ್ಟಿದ್ದೆ. ಒಂದು ಟೇಬಲ್ ಕೆ.ಸಿ. ರೆಡ್ಡಿ ಅಂತ ಬರೆಯಿತು, 1947ರಲ್ಲಿ ಮೈಸೂರಿನ ಮುಖ್ಯಮಂತ್ರಿ ಆದವರು. ಚಿತ್ರದುರ್ಗದಿಂದ ಬಸ್ಸು ಹಿಡಿದು ಬರುವ ತಂಡ ನಿಜಲಿಂಗಪ್ಪ ಅಂತ ಬರೆಯಿತು, 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಕುರ್ಚಿಯಲ್ಲಿ ಕೂತವರು. ಕೆಎಎಸ್ ಹುಡುಗ ದೇವರಾಜ ಅರಸು ಅಂದ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದಿದ್ದೇ 1973ರಲ್ಲಿ, ಆಗ ಇದ್ದವರು ಅರಸು ತಾನೇ ಸರ್ ಅಂತ ವಾದ. ನನ್ನ ಬಿಲ್ ಪುಸ್ತಕದಲ್ಲಿ ಒಂದೇ ಉತ್ತರ ಇತ್ತು. ದುರ್ಗದವರು ಮಾತ್ರ ಬಿಡಲೇ ಇಲ್ಲ, "ಸೀಬಾರದ ನಿಜಲಿಂಗಪ್ಪನವರ ಸ್ಮಾರಕಕ್ಕೆ ಬನ್ನಿ, ಅಲ್ಲೇ ನಿಂತು ಇನ್ನೊಂದ್ಸಲ ಹೇಳಿ ನೋಡೋಣ" ಅಂತ. ಕೊನೆಗೆ ಮೂವರಿಗೂ ಅಂಕ ಕೊಟ್ಟೆ. ತಪ್ಪು ಪ್ರಶ್ನೆಯದ್ದೇ ಆಗಿತ್ತು.

ಇನ್ನೊಂದು ಪೆಟ್ಟು ತಿಂದದ್ದು ವಾಣಿವಿಲಾಸ ಸಾಗರದಿಂದ. ವೇದಾವತಿಗೆ ಹಿರಿಯೂರಿನ ಹತ್ತಿರ ಕಟ್ಟಿದ ಅಣೆಕಟ್ಟು, ನಮ್ಮ ಕಡೆ ಹಳಬರ ಬಾಯಲ್ಲಿ ಮಾರಿಕಣಿವೆ. 1907ರಲ್ಲಿ ಮುಗಿದದ್ದು. ಹಳೇ ಪುಸ್ತಕವೊಂದರಿಂದ ಕಣ್ಣು ಮುಚ್ಚಿ ಬರೆದುಕೊಂಡಿದ್ದೆ, ಕಟ್ಟಿದ ಮೇಲೆ ಒಂದೇ ಸಲ ಕೋಡಿ ಬಿದ್ದಿದೆ, ಆ ವರ್ಷ ಯಾವುದು, ಉತ್ತರ 1933. ಪ್ರಶ್ನೆ ಓದಿ ಮುಗಿಸಿಲ್ಲ, ಹಿರಿಯೂರಿನವರೊಬ್ಬರು ನಿಂತರು. "ಏನ್ ಸರ್ ಒಂದೇ ಸಲ? 2022ರ ಸೆಪ್ಟೆಂಬರಲ್ಲಿ ಕೋಡಿ ಬಿತ್ತಲ್ಲ, 89 ವರ್ಷ ಆದ್ಮೇಲೆ! ಮನೆಮಂದಿಯೆಲ್ಲ ಹೋಗಿ ಬಾಗಿನ ಕೊಟ್ಟು ಬಂದಿದೀವಿ. 2025ರ ಜನವರಿಯಲ್ಲಿ ಮತ್ತೆ ಬಿತ್ತು." ಅಜ್ಜ ಹೇಳಿದ್ದನ್ನು ಮೊಮ್ಮಕ್ಕಳು ಕಣ್ಣಾರೆ ಕಂಡಿದ್ದಾರೆ, ನಾನು ಸತ್ತ ಪುಸ್ತಕ ಹಿಡಿದು ನಿಂತಿದ್ದೇನೆ. ಉತ್ತರಗಳೂ ಮೊಸರಿನ ಹಾಗೆ, ಇಟ್ಟರೆ ಹುಳಿ ಬರುತ್ತವೆ. ಈಗ ಎಷ್ಟು ಸಲ, ಎಷ್ಟು ಜನ, ಯಾರ ದಾಖಲೆ ಅಂತ ಬರುವ ಪ್ರಶ್ನೆ ಇದ್ದರೆ ಗುರುವಾರ ಸಂಜೆ ಇನ್ನೊಂದು ಸಲ ನೋಡಿಕೊಂಡೇ ಮೆಟ್ಟಿಲು ಹತ್ತುತ್ತೇನೆ.

'ಏಷ್ಯಾದಲ್ಲೇ ಎರಡನೇ ಅತಿ ದೊಡ್ಡ' ಅಂತ ಶುರುವಾಗುವ ಪ್ರಶ್ನೆಗಳನ್ನಂತೂ ನಿಲ್ಲಿಸಿಬಿಟ್ಟಿದ್ದೇನೆ. ಸೂಳೆಕೆರೆ ಬಗ್ಗೆ ನನಗೂ ಹೆಮ್ಮೆ ಇದೆ, ಚನ್ನಗಿರಿಯವರು ಕ್ಷಮಿಸಬೇಕು. ಆದರೆ ಊರೂರಿಗೆ ಒಂದೊಂದು ಏಷ್ಯಾದ ಎರಡನೆಯದು ಇದ್ದೇ ಇರುತ್ತದೆ, ಮೊದಲನೆಯದು ಎಲ್ಲಿದೆ ಅಂದರೆ ಯಾರೂ ಬಾಯಿ ಬಿಡುವುದಿಲ್ಲ.

ಈ ವರ್ಷ ನಾನು ಮಾಡಿದ್ದರಲ್ಲಿ ನನಗೆ ಇಷ್ಟವಾದದ್ದು ಕಲ್ಲಿನ ಪ್ರಶ್ನೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ, ಇದು ಎಲ್ಲರಿಗೂ ಗೊತ್ತು. ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ್ದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ಎಡದಿಂದ ಬಲಕ್ಕೆ. ಆದರೆ ಕೊನೆಯಲ್ಲಿ ಒಂದೇ ಒಂದು ಪದ ಬೇರೆ ಲಿಪಿಯಲ್ಲಿದೆ, ಬಲದಿಂದ ಎಡಕ್ಕೆ. "ಬೇರೆ ಲಿಪಿಯಲ್ಲಿ ಆ ಒಂದು ಪದ ಯಾಕೆ ಬಂತು? ಅದು ಏನಿರಬಹುದು?" ಅಂತ ಕೇಳಿದೆ. ಓದಿದವರಿಗೆ ಮಾತ್ರ ಗೊತ್ತಾಗುವ ಪ್ರಶ್ನೆ ಅನ್ನಿಸುತ್ತದೆ, ಹೌದಾ? ಗೆದ್ದವರು ಮೊಳಕಾಲ್ಮೂರಿನ ರೇಷ್ಮೆ ಸೀರೆ ತಂದು ಇಲ್ಲಿ ಮಾರುವ ಒಬ್ಬ ಅಕ್ಕ. ಅವರು ಯೋಚಿಸಿದ್ದು ಹೀಗೆ: "ರಾಜನ ಮಾತೆಲ್ಲ ಒಂದು ಥರ ಬರೆದು ಕೊನೇಲಿ ಬೇರೆ ಥರ ಬರೆದ ಅಂದ್ರೆ ಅದು ರಾಜನ ಮಾತಲ್ಲ. ಬರೆದೋನು ತನ್ನದು ಏನೋ ಹಾಕ್ಕೊಂಡಿದಾನೆ. ನಮ್ಮ ನೇಕಾರರೂ ಸೆರಗಿನ ತುದೀಲಿ ಗುರುತು ಬಿಡ್ತಾರೆ ನೋಡಿ."

ಸರಿಯಾಗಿ ಅದೇ. ಚಪಡ ಅನ್ನುವ ಲಿಪಿಕಾರ ಬರೆದದ್ದು ಅಂತ ಕೊನೆಯಲ್ಲಿದೆ, ಅದರಲ್ಲಿ 'ಲಿಪಿಕಾರನಿಂದ' ಅನ್ನುವ ಪದ ಮಾತ್ರ ಖರೋಷ್ಠಿಯಲ್ಲಿದೆ. ಖರೋಷ್ಠಿ ನಡೆಯುತ್ತಿದ್ದುದು ಈಗಿನ ಪಾಕಿಸ್ತಾನ, ಅಫ್ಘಾನಿಸ್ತಾನದ ಕಡೆ. ಅಲ್ಲಿಯ ಬರವಣಿಗೆ ಕಲಿತ ಒಬ್ಬ ಮನುಷ್ಯ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಈ ಬಿಸಿಲಿನ ಗುಡ್ಡದಲ್ಲಿ ಕೂತು ರಾಜನ ಆಜ್ಞೆ ಬರೆದು, ಕೊನೆಗೆ ತನ್ನ ಕಡೆಯ ಅಕ್ಷರ ಒಂದಿಷ್ಟು ಹಾಕಿ ಎದ್ದಿದ್ದಾನೆ. ಅಕ್ಕನಿಗೆ ಪೂರ್ತಿ ಐದು ಅಂಕ. ಖರೋಷ್ಠಿ ಅಂತ ಹೆಸರು ಬರೆದು ಕಾರಣ ಬಿಟ್ಟಿದ್ದ ಕೆಎಎಸ್ ಹುಡುಗನಿಗೆ ಎರಡು. ಅವನು ಇವತ್ತಿಗೂ ಸಿಟ್ಟಾಗಿದ್ದಾನೆ.

ಈಗ ತಟ್ಟೆಗೆ ಬರೋಣ. ಹೋದ ಗುರುವಾರ ಮಂಡಕ್ಕಿ ಬಂದು ಎಲ್ಲರೂ ಕೈ ಹಾಕಿದ ಮೇಲೆ ಕೇಳಿದೆ: "1492ರಲ್ಲಿ ಕೊಲಂಬಸ್ ಹಡಗು ಹತ್ತುವ ಮುಂಚೆ ನಮ್ಮ ದೇಶದಲ್ಲಿ ಇಲ್ಲವೇ ಇಲ್ಲದ್ದು ಈ ತಟ್ಟೆಯಲ್ಲಿ ಯಾವ್ಯಾವು ಇವೆ?" ತಟ್ಟೆಯಲ್ಲಿ ಮಂಡಕ್ಕಿ, ಈರುಳ್ಳಿ, ಟೊಮೆಟೊ, ಶೇಂಗಾ, ಹುರಿಗಡಲೆ ಹಿಟ್ಟು, ಕೊತ್ತಂಬರಿ, ನಿಂಬೆಹುಳಿ. ಪಕ್ಕದಲ್ಲಿ ಮಿರ್ಚಿ, ಅಂದರೆ ಹಸಿಮೆಣಸಿನಕಾಯಿ, ಕಡಲೆ ಹಿಟ್ಟು, ಎಣ್ಣೆ.

ಟೊಮೆಟೊ ಎಲ್ಲರೂ ಬರೆದರು. ಮೆಣಸಿನಕಾಯಿ ಐದು ತಂಡ ಬರೆದವು, ಎರಡು ತಂಡದವರಿಗೆ ಅದನ್ನು ಬರೆಯಲು ಮನಸ್ಸೇ ಬರಲಿಲ್ಲ, ಮೆಣಸಿನಕಾಯಿ ಇಲ್ಲದೆ ನಮ್ಮ ಹಿರಿಯರು ಅದೇನು ತಿಂದರು ಅಂತ. ಕರಿಮೆಣಸು ತಿಂದರು! ಅದು ನಮ್ಮ ಘಟ್ಟದ್ದೇ. ಆಚೆಯಿಂದ ಪೋರ್ಚುಗೀಸರ ಜೊತೆ ಈ ಕಾಯಿ ಬಂದಾಗ ಖಾರಕ್ಕೆ ಹೊಸ ಹೆಸರು ಹುಡುಕುವ ಬದಲು ಮೆಣಸಿನ ಹೆಸರನ್ನೇ ಅದಕ್ಕೂ ಅಂಟಿಸಿಬಿಟ್ಟರು, ಮೆಣಸಿನ ಕಾಯಿ ಅಂತ. ಉತ್ತರ ಪದದ ಒಳಗೇ ಕೂತಿದೆ.

ಎಲ್ಲರೂ ಮುಗ್ಗರಿಸಿದ್ದು ಶೇಂಗಾದಲ್ಲಿ. ಒಬ್ಬರೂ ಬರೆದಿರಲಿಲ್ಲ. ಅದು ದಕ್ಷಿಣ ಅಮೆರಿಕದ ಬೆಳೆ ಅಂದಾಗ ದುರ್ಗದ ತಂಡಕ್ಕೆ ಮೈಯೆಲ್ಲ ಉರಿಯಿತು. ಚಳ್ಳಕೆರೆಯ ಎಣ್ಣೆ ಗಿರಣಿಗಳ ನೆರಳಲ್ಲಿ ಹುಟ್ಟಿದವರಿಗೆ ಶೇಂಗಾ ಹೊರಗಿನದ್ದು ಅಂದರೆ ಹೇಗಾಗಬೇಡ? ಮಿರ್ಚಿ ಕರಿದಿದ್ದು ಶೇಂಗಾ ಎಣ್ಣೆಯಲ್ಲಿ ಆದರೆ ಅದೂ ಲೆಕ್ಕಕ್ಕೆ ಬಂತು ಅಂದೆ, ಇನ್ನೂ ಕೆಟ್ಟಿತು. ದಾವಣಗೆರೆ ಸುತ್ತ ಕಣ್ಣು ಹಾಯುವಷ್ಟು ದೂರ ಇರುವ ಮೆಕ್ಕೆಜೋಳವೂ ಅಮೆರಿಕ ಖಂಡದ್ದೇ, ಮೆಕ್ಸಿಕೊ ಕಡೆಯದು ಅಂತ ಮೇಷ್ಟ್ರು ಸೇರಿಸಿದರು. ಅಷ್ಟಕ್ಕೇ ಒಬ್ಬರು, ಸೋಮನಾಥಪುರದ ಹೊಯ್ಸಳ ಶಿಲ್ಪಗಳ ಕೈಯಲ್ಲಿ ಮೆಕ್ಕೆಜೋಳದ ತೆನೆ ಇದೆಯಂತಲ್ಲ ಅಂತ ಎತ್ತಿದರು. ಹಾಗೆ ವಾದಿಸಿದ ವಿದ್ವಾಂಸರು ಇದ್ದಾರೆ ನಿಜ, ಹೆಚ್ಚಿನವರು ಒಪ್ಪಿಲ್ಲ. ಅರ್ಧ ಗಂಟೆ ಇದೇ ಆಯಿತು, ನಾಲ್ಕನೇ ಸುತ್ತು ಆಡಲೇ ಇಲ್ಲ.

ಆ ಗದ್ದಲದಲ್ಲಿ ತಟ್ಟೆ ಎತ್ತಲು ಬಂದ ಮಂಡಕ್ಕಿ ಅಂಗಡಿಯವರು ಬಾಗಿಲಲ್ಲೇ ನಿಂತು ಕೇಳುತ್ತಿದ್ದರು. ಎಲ್ಲ ಸ್ವಲ್ಪ ತಣ್ಣಗಾದ ಮೇಲೆ, "ಸರ್, ನಂದೊಂದು ಇದೆ, ಕೇಳ್ಲಾ?" ಅಂದರು. "ಮನೇಲಿ ಅನ್ನ ಮಾಡೋ ಅಕ್ಕೀನೇ ಭಟ್ಟಿಗೆ ಹಾಕಿ ಬಿಸಿ ಮರಳಲ್ಲಿ ಹುರಿದ್ರೆ ಯಾಕೆ ಮಂಡಕ್ಕಿ ಆಗಲ್ಲ?"

ಏಳು ಟೇಬಲ್‌ಗಳೂ ಗಪ್ ಚುಪ್. ಮೆಡಿಕಲ್ ಓದುವ ಹುಡುಗಿಯರು ನೀರಿನ ಅಂಶ ಅಂತ ಏನೋ ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದರು. ಕೊನೆಗೆ ಅಂಗಡಿಯವರೇ ಹೇಳಿದರು, "ಒಂದ್ಸಲ ಬೆಂದಿರಬೇಕು ಸರ್. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಆಮೇಲೆ ಹೊಟ್ಟು ತೆಗೀಬೇಕು. ಬೆಂದು ಒಣಗಿದ ಅಕ್ಕಿ ಒಳಗೆ ಗಾಜಿನ ಥರ ಗಟ್ಟಿ ಆಗಿರುತ್ತೆ, ಚೂರು ಪಸೆ ಮಾತ್ರ ಉಳಿದಿರುತ್ತೆ. ಮರಳಿನ ಕಾವು ತಾಗಿದ ತಕ್ಷಣ ಆ ಪಸೆ ಆವಿ ಆಗಿ ಒಳಗಿಂದ ದಬ್ಬುತ್ತೆ, ಅಕ್ಕಿ ಉಬ್ಬುತ್ತೆ. ಬೇಯದ ಅಕ್ಕಿ ಸುಮ್ನೆ ಕರ‍್ರಗಾಗುತ್ತೆ ಅಷ್ಟೆ."

ಹೇಳಿ ತಟ್ಟೆ ಜೋಡಿಸಿಕೊಂಡು ಇಳಿದು ಹೋದರು.

ಈ ಗುರುವಾರದ ಮೂರನೇ ಸುತ್ತು ಅವರದ್ದು. ಮೊದಲ ಸಲ ನಾನು ಪ್ರಶ್ನೆ ಕೇಳುವ ಜಾಗ ಬಿಟ್ಟು ಮೇಷ್ಟ್ರ ಪಕ್ಕ ಕೂರುತ್ತೇನೆ. ಭಟ್ಟಿ, ಮರಳು, ಭತ್ತದ ತಳಿ ಅಂತ ಸ್ವಲ್ಪ ಓದಿಕೊಂಡು ಹೋಗೋಣ ಅಂದೆ. ಮೇಷ್ಟ್ರು ಬೇಡ ಅಂದರು, ಹಾಗೇ ಬಾ, ಕೂತು ಮಾತಾಡೋಣ.