ರ‍್ಯಾಮ್ ಹಾಕಿದರೂ ಎದ್ದೇಳದ ಲ್ಯಾಪ್‌ಟಾಪ್

"ಲ್ಯಾಪ್‌ಟಾಪ್ ತುಂಬಾ ಸ್ಲೋ, ಸ್ವಲ್ಪ ನೋಡಿ" ಅಂತ ಟಿಕೆಟ್ (ದೂರು) ಬಂದರೆ ಐಟಿ ಸಪೋರ್ಟ್‌ನವರ ಕೈ ತಾನಾಗಿ ಮೆಮೊರಿ, ಅಂದರೆ ರ‍್ಯಾಮ್ ಕಡೆ ಹೋಗುತ್ತದೆ. ನನ್ನದೂ ಹೋಯಿತು. ಅಕೌಂಟ್ಸ್‌ನ ಮೇಡಂ ಒಬ್ಬರ ಲ್ಯಾಪ್‌ಟಾಪ್. 8 ಜಿಬಿ ಇದ್ದದ್ದನ್ನು 16 ಮಾಡಿದೆ, ಸ್ಟಾರ್ಟಪ್‌ನಲ್ಲಿದ್ದ ಬೇಡದ್ದನ್ನೆಲ್ಲ ತೆಗೆದೆ. ನನ್ನ ಟೇಬಲ್ ಮೇಲೆ ಚೆನ್ನಾಗಿಯೇ ಓಡಿತು. ಟಿಕೆಟ್ ಕ್ಲೋಸ್ ಮಾಡಿದೆ. ಮರುದಿನ ಅದೇ ಟಿಕೆಟ್ ಮತ್ತೆ ಓಪನ್ ಆಗಿತ್ತು.

ಎರಡನೇ ಸಲವೂ ಇದೇ ಕಥೆ. ಮೂರನೇ ಸಲ ಮೇಡಂ ಖಾರವಾಗಿಯೇ ಕೇಳಿದರು: "ನಿಮ್ಮ ಹತ್ರ ಸರಿ ಇರುತ್ತೆ, ಮನೆಗೆ ಹೋದ್ರೆ ಶುರು ಆಗುತ್ತೆ. ನಾನೇನು ಸುಳ್ಳು ಹೇಳ್ತಿದೀನಾ?" ಉತ್ತರ ಆ ಮಾತಿನಲ್ಲೇ ಇತ್ತು. ನನಗೆ ಕೇಳಿಸಿದ್ದು ಬರೀ ಸಿಟ್ಟು.

ಅವರು ಮನೆಯಲ್ಲಿದ್ದಾಗ ರಿಮೋಟ್‌ನಲ್ಲಿ ಹೋಗಿ ನೋಡಿದೆ. ಫೈಲ್ ಎಕ್ಸ್‌ಪ್ಲೋರರ್ ತೆರೆದರೆ ಮೇಲಿನ ಹಸಿರು ಪಟ್ಟಿ ತೆವಳುತ್ತಾ ತೆವಳುತ್ತಾ ಮುಕ್ಕಾಲು ದೂರ ಹೋಗಿ ನಿಂತಿತು. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು 4%, ಡಿಸ್ಕ್ 1%. ಮೆಮೊರಿ ಅರ್ಧಕ್ಕಿಂತ ಹೆಚ್ಚು ಖಾಲಿ! ಕೆಲಸ ಜಾಸ್ತಿಯಾಗಿ ಸುಸ್ತಾದ ಮಷಿನ್ ಹೀಗಿರುವುದಿಲ್ಲ. ಇದು ಯಾರದೋ ದಾರಿ ಕಾಯುತ್ತಾ ಕೂತಿತ್ತು. ಸುಮಾರು 20 ಸೆಕೆಂಡ್ ಕಳೆದ ಮೇಲೆ ಏನೂ ಆಗಿಲ್ಲವೆಂಬಂತೆ ತೆರೆದುಕೊಂಡಿತು. ಎಡಗಡೆ, ಸರ್ವರ್‌ನ ಫೋಲ್ಡರ್‌ಗಳನ್ನು ಡ್ರೈವ್‌ನಂತೆ ತೋರಿಸುವ ನಾಲ್ಕು ನೆಟ್‌ವರ್ಕ್ ಡ್ರೈವ್, ನಾಲ್ಕಕ್ಕೂ ಕೆಂಪು ಗುರುತು.

ಕೆಂಪು ಗುರುತು ಇದ್ದ ಮಾತ್ರಕ್ಕೆ ಗಾಬರಿ ಬೇಡ. 15 ನಿಮಿಷ ಮುಟ್ಟದೆ ಬಿಟ್ಟ ಡ್ರೈವ್‌ನ ಸಂಪರ್ಕವನ್ನು ಸರ್ವರ್ ತಾನೇ ಕಡಿಯುತ್ತದೆ, ಕ್ಲಿಕ್ ಮಾಡಿದರೆ ಮತ್ತೆ ಸೇರಿಕೊಳ್ಳುತ್ತದೆ. ಇಲ್ಲಿನ ಕಥೆ ಬೇರೆ. ಮೂರು ಡ್ರೈವ್ ಆಫೀಸಿನ ಸರ್ವರ್‌ಗೆ, ಹೆಸರಿನ ಬದಲು ನೇರ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿನ ಅಂಕಿಯ ವಿಳಾಸ) ಹಾಕಿ ಜೋಡಿಸಿದ್ದವು. ನಾಲ್ಕನೆಯದರ ಸರ್ವರ್ ಯಾವತ್ತೋ ಕಳಚಿಟ್ಟದ್ದು. ವಿಪಿಎನ್ (ಮನೆಯಿಂದ ಆಫೀಸ್ ನೆಟ್‌ವರ್ಕ್‌ಗೆ ಸೇರಿಸುವ ಸಂಪರ್ಕ) ಹಾಕದಿದ್ದರೆ ಮನೆಯಿಂದ ಒಂದೂ ಸಿಗುವುದಿಲ್ಲ. "ಇಲ್ಲ" ಅಂತ ಯಾರಾದರೂ ತಕ್ಷಣ ಹೇಳಿಬಿಟ್ಟಿದ್ದರೆ ವಿಂಡೋಸ್ ಮುಂದಿನ ಕೆಲಸ ನೋಡಿಕೊಳ್ಳುತ್ತಿತ್ತು. ಆದರೆ ಕಳಿಸಿದ ಪ್ಯಾಕೆಟ್‌ಗೆ ಉತ್ತರವೇ ಇಲ್ಲ. ಆಗ ಅದು ಸ್ವಲ್ಪ ಕಾದು ಮತ್ತೆ ಕೇಳುತ್ತದೆ, ಇನ್ನೂ ಹೆಚ್ಚು ಹೊತ್ತು ಕಾದು ಇನ್ನೊಮ್ಮೆ ಕೇಳುತ್ತದೆ, ಕೊನೆಗೆ ಕೈಬಿಡುತ್ತದೆ. ಒಟ್ಟು ಸುಮಾರು 21 ಸೆಕೆಂಡ್. ಎಕ್ಸೆಲ್‌ನಲ್ಲಿ ಸೇವ್ ಆ್ಯಸ್ ಒತ್ತಿದಾಗಲೂ ಇದೇ ಶಿಕ್ಷೆ. ಆಫೀಸಿನಲ್ಲಿ ಮಾತ್ರ ಸರ್ವರ್ ಪಕ್ಕದಲ್ಲೇ ಇದೆ, ಹಾಗಾಗಿ ನನ್ನ ಟೇಬಲ್ ಮೇಲೆ ರೋಗವೇ ಕಾಣುತ್ತಿರಲಿಲ್ಲ.

ಕಮಾಂಡ್ ಪ್ರಾಂಪ್ಟ್ ತೆರೆದು ಜೋಡಿಸಿದ ಡ್ರೈವ್‌ಗಳ ಪಟ್ಟಿ ಕೊಡುವ 'ನೆಟ್ ಯೂಸ್' ಹೊಡೆದರೆ ಪಟ್ಟಿ ಖಾಲಿ. ಕಣ್ಣೆದುರು ನಾಲ್ಕು ಡ್ರೈವ್ ಇವೆ, ಇದು ಒಂದೂ ಇಲ್ಲ ಅನ್ನುತ್ತಿದೆ. ತಲೆ ಕೆರೆದುಕೊಂಡು ಕಾಲು ಗಂಟೆ ಕಳೆದೆ. ಅಭ್ಯಾಸಬಲದಿಂದ ಅಡ್ಮಿನ್ ಆಗಿ ತೆರೆದಿದ್ದೆ. ಬಳಕೆದಾರರು ಜೋಡಿಸಿದ ಡ್ರೈವ್ ಅಡ್ಮಿನ್ ಕಿಟಕಿಗೆ ಕಾಣುವುದಿಲ್ಲ. ಮಾಮೂಲಿ ಕಿಟಕಿಯಲ್ಲಿ ಹೊಡೆದಾಗ ನಾಲ್ಕೂ ಸಾಲಾಗಿ ಬಂದವು.

ಸತ್ತ ಸರ್ವರ್‌ನದನ್ನು ಅದೇ ಕಮಾಂಡ್‌ಗೆ ಸ್ಲ್ಯಾಶ್ ಡಿಲೀಟ್ ಹಾಕಿ ತೆಗೆದೆ. ಉಳಿದ ಮೂರನ್ನೂ ತೆಗೆದು, ಡೆಸ್ಕ್‌ಟಾಪ್ ಮೇಲೆ ಶಾರ್ಟ್‌ಕಟ್ ಇಟ್ಟು, "ವಿಪಿಎನ್ ಹಾಕಿದ ಮೇಲೆ ಇದನ್ನ ಒತ್ತಿ ಮೇಡಂ" ಅಂದೆ. ಕ್ವಿಕ್ ಆ್ಯಕ್ಸೆಸ್‌ನಲ್ಲಿ ಹಳೇ ಸರ್ವರ್‌ನ ಎರಡು ಫೋಲ್ಡರ್ ಪಿನ್ ಆಗಿ ಕೂತಿದ್ದವು, ಅವನ್ನೂ ಕಿತ್ತೆ. ಡ್ರೈವ್ ತೆಗೆದು ಇದನ್ನು ಮರೆತರೆ ಅರ್ಧ ರೋಗ ಹಾಗೇ ಉಳಿಯುತ್ತದೆ.

ಮರುದಿನ ಅವರು ಆಫೀಸಿಗೆ ಬಂದು ಲಾಗಿನ್ ಆದರೆ ಮೂರು ಡ್ರೈವ್ ಮತ್ತೆ ಪ್ರತ್ಯಕ್ಷ. ಯಾರೋ ಎಂದೋ ಬರೆದಿಟ್ಟ ಲಾಗಾನ್ ಸ್ಕ್ರಿಪ್ಟ್ (ಲಾಗಿನ್ ಆದಾಗ ತಾನಾಗಿ ಓಡುವ ಕಮಾಂಡ್‌ಗಳ ಪಟ್ಟಿ) ದಿನಾ ಅವನ್ನು ಜೋಡಿಸುತ್ತಿತ್ತು, ಅದೂ ಪರ್ಸಿಸ್ಟೆಂಟ್ ಯೆಸ್, ಅಂದರೆ ಮುಂದಿನ ಲಾಗಿನ್‌ಗೂ ನೆನಪಿಟ್ಟುಕೋ ಅಂತ. ಅದನ್ನು 'ನೋ' ಮಾಡಿದೆ. ಸತ್ತ ಸರ್ವರ್‌ನ ಸಾಲೂ ಅದರಲ್ಲೇ ಇತ್ತು, ಅದನ್ನೂ ಅಳಿಸಿದೆ. ಆ ಸ್ಕ್ರಿಪ್ಟ್ ಎಲ್ಲರ ಲ್ಯಾಪ್‌ಟಾಪ್‌ನಲ್ಲೂ ಓಡುತ್ತಿತ್ತು. ಮನೆಯಿಂದ ಕೆಲಸ ಮಾಡುವ ಇನ್ನೂ ಕೆಲವರನ್ನು ಕೇಳಿದೆ. "ಹೌದು, ಅದು ಮೊದಲಿಂದಲೂ ಹಾಗೇ ಅಲ್ವಾ?" ಅಂದರು.

ವಾರ ಬಿಟ್ಟು ಮೇಡಂ ಸಿಕ್ಕಿದಾಗ, "ಹಾಗಾದ್ರೆ ಆ ರ‍್ಯಾಮ್ ವಾಪಸ್ ತಗೋತೀರಾ?" ಅಂತ ಕೇಳಿದರು. ಇರಲಿ ಬಿಡಿ ಮೇಡಂ, ಅಂದೆ.