ನಿಪರ್ಟ್ ಕ್ರೀಡಾಂಗಣದಲ್ಲಿ ಕಂಡ ಕೆಲ್ಸಿ

ನಮ್ಮ ಕಾಲೇಜಿನಲ್ಲಿ ಎಂಜಿನಿಯರಿಂಗ್ ಮುಗಿಸಿ 2008ರಲ್ಲಿ ನಾನು ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯ ಸೇರಿದೆ. ಅಲ್ಲಿ ತರಗತಿಯ ಕಟ್ಟಡಗಳ ನಡುವೆಯೇ ನಿಪರ್ಟ್ ಕ್ರೀಡಾಂಗಣವಿದೆ. ಮೊದಲ ಸಲ ನೋಡಿದಾಗ ಅಮೆರಿಕನ್ ಫುಟ್‌ಬಾಲ್ ನನಗೆ ಬರೀ ತಳ್ಳಾಟದಂತೆ ಕಂಡಿತು. "ಚೆಂಡನ್ನು ಬಿಡು, ಅದರ ಬಳಿ ಬಗ್ಗಿ ನಿಂತಿರುವ ಐವರನ್ನು ನೋಡು" ಎಂದ ಪ್ರಯೋಗಾಲಯದ ಗೆಳೆಯ. ಆ ಐವರಲ್ಲಿ ನಡುವಿನವನ ಎಡಕ್ಕೆ ನಿಲ್ಲುವ ಗಾರ್ಡ್ ಜೇಸನ್ ಕೆಲ್ಸಿ.

ವಿದ್ಯಾರ್ಥಿವೇತನವಿಲ್ಲದೆ ತಾವಾಗಿಯೇ ತಂಡಕ್ಕೆ ಬಂದವರು ಅವರು. ಹೈಸ್ಕೂಲಿನಲ್ಲಿ ಚೆಂಡು ಹಿಡಿದು ಓಡುತ್ತಿದ್ದವರು ಸಿನ್ಸಿನಾಟಿಯಲ್ಲಿ ಎದುರಾಳಿಗಳನ್ನು ತಡೆದು ನಿಲ್ಲಿಸುವ ಲೈನ್‌ಮನ್ ಆದರು. ಲೈನ್‌ಮನ್‌ನ ಸಂಖ್ಯೆ ಧ್ವನಿವರ್ಧಕದಲ್ಲಿ ಕೇಳಿಬರುವುದು ಹೆಚ್ಚಾಗಿ ತಪ್ಪು ಮಾಡಿದಾಗಲೇ. ನಮ್ಮ ಕಾಲೇಜಿನ ಕಬಡ್ಡಿ ತಂಡದಲ್ಲಿ ಕಾರ್ನರ್ ಆಗಿದ್ದ ನನಗೆ ಅದು ತಟ್ಟನೆ ಅರ್ಥವಾಯಿತು. ರೈಡರ್‌ನ ಹೆಸರು ಎಲ್ಲರ ಬಾಯಲ್ಲಿರುತ್ತದೆ, ಕಾಲು ಹಿಡಿದವನದು ಇರುವುದಿಲ್ಲ.

2009ರಲ್ಲಿ ಸಿನ್ಸಿನಾಟಿ ತಂಡ ನಿಯಮಿತ ಋತುವಿನ 12 ಪಂದ್ಯಗಳನ್ನೂ ಗೆದ್ದಿತು. ಮರುವರ್ಷ ಕೆಲ್ಸಿ ಸೆಂಟರ್, ಅಂದರೆ ಆ ಐವರ ನಡುವಿನವರು ಆದರು. ಎದುರಾಳಿಗಳ ನಿಲುವು ನೋಡಿ, ಯಾರು ಯಾರನ್ನು ತಡೆಯಬೇಕೆಂದು ಕೂಗಿ ಹೇಳಿ, ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಟ್ಟು, ಅದೇ ಕ್ಷಣದಲ್ಲಿ ಮೈಮೇಲೆ ಬರುವ ದೈತ್ಯನನ್ನು ಎದುರಿಸಬೇಕು.

ವೃತ್ತಿಪರ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2011ರ ಡ್ರಾಫ್ಟ್‌ನಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡ ಅವರನ್ನು ಆರಿಸಿದ್ದು ಆರನೆಯ ಸುತ್ತಿನಲ್ಲಿ, 191ನೆಯವರಾಗಿ. ಸುಮಾರು 127 ಕಿಲೋ ತೂಕ ಆ ಸ್ಥಾನಕ್ಕೆ ಕಡಿಮೆ. ಆದರೆ ಚೆಂಡು ಕೊಟ್ಟ ಮರುಗಳಿಗೆಯೇ ಓಡಿ, ಓಟಗಾರನಿಗೆ ಮುಂದೆ ದಾರಿ ಬಿಡಿಸುವ ಚುರುಕು ಅವರಿಗಿತ್ತು. 2012ರಲ್ಲಿ ಎರಡನೆಯ ಪಂದ್ಯದಲ್ಲೇ ಮೊಣಕಾಲಿಗೆ ಗಾಯವಾಗಿ ಉಳಿದ ಋತು ಕಳೆದುಹೋಯಿತು. ಮುಂದೆ ಅದೇ ಮನುಷ್ಯ ಸತತ 156 ಪಂದ್ಯಗಳಲ್ಲಿ ಮೊದಲಿನಿಂದಲೇ ಕಣಕ್ಕಿಳಿದರು.

2018ರ ಫೆಬ್ರವರಿ 4ರಂದು ಮಿನಿಯಾಪೊಲಿಸ್‌ನಲ್ಲಿ ಈಗಲ್ಸ್ 41-33ರಿಂದ ಪೇಟ್ರಿಯಟ್ಸ್ ತಂಡವನ್ನು ಸೋಲಿಸಿ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಅನ್ನು ತನ್ನ ಇತಿಹಾಸದಲ್ಲೇ ಮೊದಲ ಸಲ ಗೆದ್ದಿತು. ಸಾಮಾನ್ಯವಾಗಿ ಚೆಂಡು ಎಸೆಯುವವರಾದ ಕ್ವಾರ್ಟರ್‌ಬ್ಯಾಕ್ ನಿಕ್ ಫೋಲ್ಸ್ ತಾವೇ ಚೆಂಡು ಹಿಡಿದು ಅಂಕ ಗಳಿಸಿದ ಆಟವನ್ನು ಜನ ಇಂದಿಗೂ ನೆನೆಯುತ್ತಾರೆ. ನಾನು ಟಿ.ವಿ.ಯಲ್ಲಿ ನೋಡುತ್ತಿದ್ದುದು ಅದರ ಆರಂಭವನ್ನು. ಕೆಲ್ಸಿ ಚೆಂಡನ್ನು ಫೋಲ್ಸ್‌ಗೆ ಕೊಡಲಿಲ್ಲ, ನೇರವಾಗಿ ಓಟಗಾರ ಕೋರಿ ಕ್ಲೆಮೆಂಟ್ ಕೈಗೆ ಕಳಿಸಿದರು. ಅದು ಒಂದು ಗೇಣು ಆಚೀಚೆಯಾಗಿದ್ದರೂ ಆ ಆಟವೇ ಇರುತ್ತಿರಲಿಲ್ಲ!

2024ರ ಮಾರ್ಚ್ 4ರಂದು, 13 ಋತುಗಳ ಬಳಿಕ, ತೋಳಿಲ್ಲದ ಅಂಗಿಯಲ್ಲಿ ಬಂದು ಕುಳಿತು ನಿವೃತ್ತಿ ಘೋಷಿಸಿದರು. ಬಾಯಿ ತೆರೆಯುವ ಮೊದಲೇ ಅಳು ಬಂದಿತ್ತು. ಎದುರಿಗೆ ತಂದೆ, ತಾಯಿ, ಪತ್ನಿ, ತಮ್ಮ ಟ್ರಾವಿಸ್. ಆ ವಿಡಿಯೊವನ್ನು ನಾನು ಕೋಣೆಯ ಬಾಗಿಲು ಹಾಕಿಕೊಂಡು ಕೊನೆಯವರೆಗೂ ನೋಡಿದೆ.