ಮಿಶಿಗನ್ ಚಳಿಯಲ್ಲಿ ನನ್ನ ಮಸ್ಟ್ಯಾಂಗ್

ಹಿಮ ಬಿದ್ದ ಮೇಲೆ ಹುಷಾರಾಗಿ ಓಡಿಸಿದರಾಯಿತು ಅಂದುಕೊಂಡಿದ್ದೆ. ಫೋರ್ಡ್ ಕಂಪನಿಯ ನನ್ನ ಮಸ್ಟ್ಯಾಂಗ್ ಜಿಟಿ ಕಾರು ಮೊದಲ ಸಲ ಕೈಕೊಟ್ಟ ದಿನ ಹಿಮದ ಸುಳಿವೇ ಇರಲಿಲ್ಲ. ನವೆಂಬರ್ ಬೆಳಗ್ಗೆ, ಒಳ್ಳೆ ಬಿಸಿಲು, ರಸ್ತೆ ಒಣಗಿತ್ತು, ಹೊರಗೆ ಮೈನಸ್ 3 ಡಿಗ್ರಿ ಸೆಲ್ಸಿಯಸ್. ಇಲ್ಲಿಯ ನೋವೈ ಊರಿನ ಹತ್ತಿರ ಹೆದ್ದಾರಿಗೆ ಸೇರುವ ಆ ಗುಂಡನೆಯ ತಿರುವಿನಲ್ಲಿ ದಿನಾ ಒತ್ತುವಷ್ಟೇ ಎಕ್ಸಲರೇಟರ್ ಒತ್ತಿದೆ. ಹಿಂಭಾಗ ಸರ್ರನೆ ಪಕ್ಕಕ್ಕೆ ಸರಿಯಿತು. ಗಾಬರಿಯಾಗಿ ಕಾಲು ಪೂರ್ತಿ ಎತ್ತಿಬಿಟ್ಟೆ, ಕಾರು ಇನ್ನೂ ಜಾಸ್ತಿ ತಿರುಗಿ ಹುಲ್ಲಿನ ಮೇಲೆ ಹೋಗಿ ನಿಂತಿತು. ಪುಣ್ಯಕ್ಕೆ ಹಿಂದೆ ಯಾರೂ ಇರಲಿಲ್ಲ.

ತಪ್ಪು ನನ್ನದೇ. ಕಾಲು ಒಮ್ಮೆಲೇ ಎತ್ತಿದರೆ ಭಾರವೆಲ್ಲ ಮುಂದಕ್ಕೆ ಬಾಗುತ್ತದೆ, ಹಿಂದಿನ ಟೈರಿನ ಹಿಡಿತ ಇನ್ನೂ ಕಡಿಮೆಯಾಗುತ್ತದೆ, ಮೇಲಿಂದ ಎಂಜಿನ್ ಅದೇ ಚಕ್ರಗಳನ್ನು ತಡೆದು ಹಿಡಿಯುತ್ತದೆ. ಆದರೆ ಅದಕ್ಕೂ ಮೊದಲಿನ ತಪ್ಪು ಟೈರು. ಬೇಸಿಗೆ ಟೈರು ಹಾಕಿಕೊಂಡೇ ತಿರುಗುತ್ತಿದ್ದೆ. 7 ಡಿಗ್ರಿಗಿಂತ ಕೆಳಗೆ ಆ ರಬ್ಬರ್ ಗಟ್ಟಿಯಾಗುತ್ತದೆ, ಸವೆದ ಹವಾಯಿ ಚಪ್ಪಲಿ ಬಚ್ಚಲಲ್ಲಿ ಜಾರುತ್ತದಲ್ವಾ, ಹಾಗೆ. ತೀರಾ ಚಳಿಗೆ, ಅಂದರೆ ಮೈನಸ್ 7ರ ಕೆಳಗೆ, ಬಿರುಕು ಬಿಡುವುದೂ ಉಂಟು. ಎಲ್ಲ ಕಾರಿನ ಪುಸ್ತಕದಲ್ಲೇ ಇತ್ತು. ಯಾರು ಓದುತ್ತಾರೆ?

460 ಕುದುರೆಗಳ ಬಲ ಹಿಂದಿನ ಎರಡೇ ಚಕ್ರಕ್ಕೆ, 5 ಲೀಟರ್ ಎಂಜಿನ್ನಿನ ಭಾರ ಮಾತ್ರ ಮುಂದೆ. ಡಿಕ್ಕಿಯಲ್ಲಿ ಮರಳು ಮೂಟೆ ಇಡು ಅಂದರು ಕೆಲವರು. ನಾನು ದುಡ್ಡು ಸುರಿದು 18 ಇಂಚಿನ ಸ್ವಲ್ಪ ಕಿರಿದಾದ ಚಳಿಗಾಲದ ಟೈರು ಹಾಕಿಸಿದೆ, ಪಕ್ಕದಲ್ಲಿ ಬೆಟ್ಟದ ಚಿತ್ರದೊಳಗೆ ಹಿಮದ ಹರಳಿನ ಗುರುತು ಇರುವಂಥದ್ದು, ಅಂದರೆ ಹಿಮದಲ್ಲಿ ಪರೀಕ್ಷಿಸಿ ಪಾಸಾದದ್ದು. ಕಾರೇ ಬದಲಾದ ಹಾಗಿತ್ತು! ನಾಲ್ಕು ಚಕ್ರಕ್ಕೂ ಬಲ ಹೋಗುವ ಕಾರಿನ ಗೆಳೆಯ ಈಗಲೂ ನನ್ನನ್ನು ನೋಡಿ ನಗುತ್ತಾನೆ. ಹೊರಡುವಾಗ ಅವನೇ ಮುಂದೆ, ಒಪ್ಪುತ್ತೇನೆ. ನಿಲ್ಲಿಸುವಾಗ ಅವನಿಗೂ ಇರುವುದು ನಾಲ್ಕು ಟೈರೇ.

ಆಮೇಲೆ ಒಂದು ಭಾನುವಾರ, ಹಿಮ ಬಿದ್ದಿದ್ದ ಖಾಲಿ ಪಾರ್ಕಿಂಗ್ ಜಾಗದಲ್ಲಿ, ಅನುಮತಿ ಕೇಳಿಕೊಂಡೇ, ಬೇಕಂತಲೇ ಜಾರಿಸಿ ನೋಡಿದೆ. ಸ್ನೋ ಮೋಡ್ ಹಾಕಿದರೆ ಎಕ್ಸಲರೇಟರ್ ಮೆತ್ತಗಾಗುತ್ತದೆ. ಎರಡನೇ ಗೇರಿನಲ್ಲಿ ಹೊರಟರೆ ಚಕ್ರ ಸುಮ್ನೆ ಸುತ್ತುವುದಿಲ್ಲ. ಬಾಲ ಬಲಕ್ಕೆ ಹೋದರೆ ಸ್ಟೇರಿಂಗೂ ಬಲಕ್ಕೆ, ಕಣ್ಣು ಹೋಗಬೇಕಾದ ಕಡೆಗೆ, ಕಾಲು ನಿಧಾನವಾಗಿ ಮೇಲಕ್ಕೆ. ಇಷ್ಟು ಎಲ್ಲರೂ ಹೇಳಿಕೊಡುತ್ತಾರೆ. ಹೇಳದೇ ಬಿಡುವುದು ಮುಂದಿನದ್ದು. ಟೈರಿಗೆ ಹಿಡಿತ ಸಿಕ್ಕ ಕೂಡಲೇ ಸ್ಟೇರಿಂಗ್ ನೇರ ಮಾಡದಿದ್ದರೆ ಕಾರು ಇನ್ನೊಂದು ಬದಿಗೆ ಎಸೆದ ಹಾಗೆ ತಿರುಗುತ್ತದೆ, ಆ ಎರಡನೇ ಏಟು ಮೊದಲನೆಯದಕ್ಕಿಂತ ಜೋರು. ನನಗೆ ಹತ್ತು ಹನ್ನೆರಡು ಸಲ ಆಯಿತು.

ಸಕಲೇಶಪುರದ ಕಡೆಯವನು ನಾನು, ಘಾಟಿಯ ಮೊದಲ ಮಳೆಯಲ್ಲಿ ಜೀಪು ಜಾರುವುದು ನೋಡಿಯೇ ಬೆಳೆದದ್ದು. ಅಲ್ಲಿ ಕೆಸರು ಕಣ್ಣಿಗೆ ಕಾಣುತ್ತದೆ. ಇಲ್ಲಿಯ ಕಪ್ಪು ಮಂಜುಗಡ್ಡೆ ಬರೀ ಒದ್ದೆ ಟಾರಿನಂತೆ ಕಾಣುತ್ತದೆ, ಅದೂ ಸೇತುವೆಗಳ ಮೇಲೆ ಮೊದಲು ಕಟ್ಟುತ್ತದೆ, ಕೆಳಗಿನಿಂದಲೂ ಗಾಳಿ ಬೀಸುತ್ತದಲ್ಲ. ಸುರಿದ ಉಪ್ಪು ಮೈನಸ್ 9ರ ಕೆಳಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಅಂಥ ದಿನ ನಾನು ಗೆಳೆಯನ ಕಾರಿನಲ್ಲಿ ಆಫೀಸಿಗೆ ಹೋಗುತ್ತೇನೆ, ಅವನ ನಗೆ ಕೇಳಿಕೊಂಡು.

ಬೇಸಿಗೆ ಟೈರು ನಾಲ್ಕೂ ಈಗ ಬೇಸ್‌ಮೆಂಟಿನಲ್ಲಿವೆ, ಅಮ್ಮ ಕಳಿಸಿದ ಉಪ್ಪಿನಕಾಯಿ ಡಬ್ಬಿಗಳ ಪಕ್ಕ. ಏಪ್ರಿಲ್‌ವರೆಗೆ ಮುಟ್ಟುವುದಿಲ್ಲ, ಟೈರನ್ನು.